ಲಸಿಕೆ ದಿನ ಮಾಡಿದರೂ ಮಕ್ಕಳು ಬಿಟ್ಟುಹೋಗುತ್ತಿದ್ದಾರಾ? ಪಟ್ಟಿಯಿಂದ ಶುರು ಮಾಡಿ

"ಲಸಿಕೆ ಬಂತು, ನರ್ಸ್ ಬಂದರು, ಕುರ್ಚಿ ಹಾಕಿ ಕಾದೆವು. ಮಕ್ಕಳು ಅರ್ಧದಷ್ಟೂ ಬರಲಿಲ್ಲ." ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕೆಲವು ತಿಂಗಳ ನಂತರ ಅದೇ ಕಡೆಯಿಂದ ಇನ್ನೊಂದು ಸುದ್ದಿ ಬರುತ್ತದೆ: ಅಲ್ಲಿ ದಡಾರ ಎದ್ದಿದೆ.

ಕಾರಣ ಕೇಳಿದರೆ "ಜನಕ್ಕೆ ತಿಳಿವಳಿಕೆ ಇಲ್ಲ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಲಸಿಕೆಯೇ ಬೇಡ ಅನ್ನುವವರು ಕಡಿಮೆ. ದಿನಾಂಕ ಗೊತ್ತಿಲ್ಲದವರು, ಕೆಲಸ ಬಿಟ್ಟು ಬರಲಾಗದವರು, ಒಮ್ಮೆ ಬಂದು ವಾಪಸ್ ಹೋದವರು ಜಾಸ್ತಿ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಮಕ್ಕಳ ಪಟ್ಟಿ, ಆಮೇಲೆ ಲಸಿಕೆ ಆಗಬೇಕು. ನಾವು ಮೊದಲು ಲಸಿಕೆ ತರಿಸಿ, ಆಮೇಲೆ ಮಕ್ಕಳನ್ನು ಹುಡುಕುತ್ತೇವೆ.

ಈ ಬರಹ ಆರೋಗ್ಯ ಕಾರ್ಯಕರ್ತರಿಗೆ ಮತ್ತು ಅವರ ಜೊತೆ ಓಡಾಡುವ ಸ್ವಯಂಸೇವಕರು, ಶಿಕ್ಷಕರಿಗೆ. ಚುಚ್ಚುಮದ್ದು ಕೊಡುವುದು ತರಬೇತಿ ಆದವರ ಕೆಲಸ. ಉಳಿದದ್ದರಲ್ಲಿ ಬಹುಪಾಲನ್ನು ಯಾರು ಬೇಕಾದರೂ ಮಾಡಬಹುದು.

## ಹೊರಡುವ ಮೊದಲು ಕೈಯಲ್ಲಿರಲಿ

ಉದ್ದ ಗೆರೆಯ ದಪ್ಪ ನೋಟ್‌ಬುಕ್, ಕೈಯಲ್ಲಿ ಬರೆದ ಬೀದಿಗಳ ನಕ್ಷೆ, ನಿಮ್ಮ ಸರ್ಕಾರದ ಲಸಿಕೆ ವೇಳಾಪಟ್ಟಿಯ ಒಂದು ಪ್ರತಿ. ಲಸಿಕೆಯ ದಿನಕ್ಕೆ ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆ), ಐಸ್ ಪ್ಯಾಕ್, ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜ್, ಸೂಜಿ ಹಾಕುವ ಗಟ್ಟಿ ರಟ್ಟಿನ ಡಬ್ಬಿ, ಥರ್ಮಾಮೀಟರ್, ಅಲರ್ಜಿಗೆ ಬೇಕಾದ ತುರ್ತು ಔಷಧಿಯ ಕಿಟ್. ಮೊಬೈಲ್ ಆಪ್ ಇದ್ದರೆ ಸಂತೋಷ, ಆದರೆ ನೋಟ್‌ಬುಕ್ ಬಿಡಬೇಡಿ. ಚಾರ್ಜ್ ಮುಗಿದ ಫೋನಿನಲ್ಲಿರುವ ಪಟ್ಟಿ ಆ ಹೊತ್ತಿಗೆ ಪಟ್ಟಿಯೇ ಅಲ್ಲ, ಅಲ್ವಾ?

## ಹಂತ 1: ಮನೆ ಮನೆಗೆ ಹೋಗಿ ತಲೆ ಎಣಿಸಿ

ಹಳೆಯ ರಿಜಿಸ್ಟರ್ ನಕಲು ಮಾಡಿ ಕೂರಬೇಡಿ. ಅದರಲ್ಲಿರುವುದು ಒಮ್ಮೆಯಾದರೂ ಲಸಿಕೆಗೆ ಬಂದ ಮಕ್ಕಳು. ನಿಮಗೆ ಬೇಕಾದವರು ಒಮ್ಮೆಯೂ ಬರದವರು.

ನಕ್ಷೆ ಹಿಡಿದು ಒಂದು ಮೂಲೆಯಿಂದ ಹೊರಡಿ. ಪ್ರತಿ ಮನೆಯಲ್ಲೂ ಎರಡು ಪ್ರಶ್ನೆ ಕೇಳಿ: ಐದು ವರ್ಷದೊಳಗಿನ ಮಕ್ಕಳು ಎಷ್ಟು? ಗರ್ಭಿಣಿಯರು ಇದ್ದಾರಾ? ಗರ್ಭಿಣಿಯನ್ನು ಬರೆದುಕೊಂಡರೆ ಮುಂದಿನ ತಿಂಗಳುಗಳ ಹೊಸ ಮಗು ಈಗಲೇ ಪಟ್ಟಿಯಲ್ಲಿ ಸಿಕ್ಕ ಹಾಗೆ. ಮಗುವಿನ ಹೆಸರು, ತಾಯಿ ತಂದೆಯ ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ಈವರೆಗೆ ಆದ ಲಸಿಕೆ ಮತ್ತು ಅದರ ತಾರೀಖು ಬರೆಯಿರಿ. "ಎಲ್ಲಾ ಆಗಿದೆ" ಅಂದರೆ ನಗುತ್ತಲೇ ಕಾರ್ಡ್ ಕೇಳಿ ನೋಡಿ. ಕಾರ್ಡ್ ಕಳೆದಿದ್ದರೆ ಬೈಯಬೇಡಿ. ಬೈಸಿಕೊಂಡ ತಾಯಿ ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ.

ಎಣಿಕೆಯಲ್ಲಿ ತಪ್ಪಿಹೋಗುವ ಜಾಗಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಕಟ್ಟಡ ಕೆಲಸದವರ ಶೆಡ್‌ಗಳು, ಇಟ್ಟಿಗೆ ಗೂಡುಗಳು, ಊರಂಚಿನ ಒಂಟಿ ಮನೆಗಳು, ಹೊಸದಾಗಿ ಬಾಡಿಗೆಗೆ ಬಂದವರು, ಇಬ್ಬರು ಕಾರ್ಯಕರ್ತೆಯರ ಗಡಿಯಲ್ಲಿರುವ ಬೀದಿ. ಈ ಗಡಿ ಬೀದಿಯೇ ದೊಡ್ಡ ತಲೆನೋವು. ಇಬ್ಬರೂ "ಅದು ಅವರದ್ದು" ಅಂದುಕೊಂಡಿರುತ್ತಾರೆ. ನಕ್ಷೆಯ ಮೇಲೆ ಬೆರಳಿಟ್ಟು ಇದು ಯಾರದ್ದು ಎಂದು ಅಲ್ಲೇ ತೀರ್ಮಾನ ಮಾಡಿ.

ಮನೆಗೆ ಬೀಗ ಹಾಕಿದ್ದರೆ ಗುರುತು ಮಾಡಿಕೊಳ್ಳಿ. ಸಂಜೆ ಮತ್ತೆ ಹೋಗಿ.

ಎಚ್ಚರಿಕೆಯ ಗುರುತು: ಎರಡು ತಿಂಗಳಾದರೂ ಪಟ್ಟಿಗೆ ಒಂದೂ ಹೊಸ ಹೆಸರು ಸೇರದಿದ್ದರೆ ಮಕ್ಕಳು ಹುಟ್ಟುವುದು ನಿಂತಿಲ್ಲ, ನೀವು ಹೋಗುವುದು ನಿಂತಿದೆ.

## ಹಂತ 2: ಯಾರಿಗೆ ಏನು ಬಾಕಿ ಎಂದು ಬರೆದಿಡಿ

ದೊಡ್ಡ ಪಟ್ಟಿಯಿಂದ ಪ್ರತಿ ತಿಂಗಳು ಒಂದು ಚಿಕ್ಕ ಪಟ್ಟಿ ತೆಗೆಯಬೇಕು. ಈ ತಿಂಗಳು ಲಸಿಕೆ ಬೀಳುವ ಮಕ್ಕಳು, ಹಿಂದಿನ ತಿಂಗಳು ತಪ್ಪಿಸಿಕೊಂಡವರು, ಹೊಸದಾಗಿ ಹುಟ್ಟಿದವರು. ಇದೇ ಬಾಕಿ ಪಟ್ಟಿ. ಇದನ್ನು ನೋಡಿಯೇ ಎಷ್ಟು ಡೋಸ್ ಬೇಕೆಂದು ಕೇಳಬೇಕು.

ಯಾವ ವಯಸ್ಸಿಗೆ ಯಾವ ಲಸಿಕೆ ಎನ್ನುವುದು ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆ. ಆದರೆ ಪಟ್ಟಿ ಮಾಡುವಾಗ ಜನ ಎಡವುವ ಕೆಲವು ವಿಷಯಗಳು ಎಲ್ಲ ಕಡೆಗೂ ಒಂದೇ.

ತಡವಾದರೆ ಮೊದಲಿನಿಂದ ಶುರು ಮಾಡುವುದು ಬೇಡ. ಎರಡನೇ ಡೋಸ್ ಆರು ತಿಂಗಳು ತಡವಾಗಿದ್ದರೂ ಅದು ಎರಡನೇ ಡೋಸೇ. ಅಲ್ಲಿಂದ ಮುಂದುವರಿಸಿ. ಆದರೆ ಅವಸರವೂ ಬೇಡ. ಮಗುವಿನ ಮೊದಲ ತಿಂಗಳುಗಳಲ್ಲಿ ಸಾಲಾಗಿ ಕೊಡುವ ಪೆಂಟಾದಂಥ (ಐದು ಕಾಯಿಲೆಗಳಿಗೆ ಒಂದೇ ಸೂಜಿ) ಲಸಿಕೆಗಳ ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಲೇಬೇಕು. ಕೆಲವು ಲಸಿಕೆಗಳಿಗೆ ಇಂತಿಷ್ಟು ವಯಸ್ಸು ದಾಟಿದರೆ ಕೊಡಬಾರದು ಎಂಬ ಮಿತಿಯೂ ಇದೆ. ಅದಕ್ಕೇ ವೇಳಾಪಟ್ಟಿ ಜೊತೆಯಲ್ಲಿಟ್ಟುಕೊಳ್ಳಿ ಅಂದದ್ದು.

ನೆಗಡಿ, ಸಣ್ಣ ಜ್ವರ, ಸ್ವಲ್ಪ ಭೇದಿ ಇದ್ದರೂ ಲಸಿಕೆ ಕೊಡಬಹುದು. ತೂಕ ಕಡಿಮೆ ಇರುವ ಮಗುವಿಗಂತೂ ಇನ್ನೂ ಜಾಸ್ತಿ ಬೇಕು, ಕಾಯಿಲೆ ಬಂದರೆ ಮೊದಲು ಮಲಗುವುದು ಅದೇ ಮಗು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಹುಷಾರಿಲ್ಲದಿದ್ದರೆ, ಅಥವಾ ಹಿಂದಿನ ಡೋಸ್‌ಗೆ ಉಸಿರಾಟ ಕಟ್ಟುವಂಥ ಅಲರ್ಜಿ ಆಗಿದ್ದರೆ ವೈದ್ಯರಿಗೆ ಬಿಡಿ. ಮೂಗು ಸೋರುತ್ತಿದೆ ಎಂದು ಮಗುವನ್ನು ವಾಪಸ್ ಕಳಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಮಕ್ಕಳ ಮೂಗು ಯಾವಾಗ ಸೋರುವುದಿಲ್ಲ ಹೇಳಿ?

## ಹಂತ 3: ಜಾಗ, ಹೊತ್ತು, ಕರೆ

ಜಾಗ ಪ್ರತಿ ತಿಂಗಳೂ ಒಂದೇ ಇರಲಿ. ದಿನವೂ ಒಂದೇ ಇರಲಿ, ಉದಾಹರಣೆಗೆ ತಿಂಗಳ ಎರಡನೇ ಗುರುವಾರ. ಹೊತ್ತನ್ನು ಮಾತ್ರ ತಾಯಂದಿರನ್ನು ಕೇಳಿ ಇಟ್ಟುಕೊಳ್ಳಿ. ದಿನಗೂಲಿಗೆ ಹೋಗುವವರು ಬೆಳಗ್ಗೆ ಹನ್ನೊಂದಕ್ಕೆ ಬರುವುದಾದರೂ ಹೇಗೆ?

ಕರೆಯುವಾಗ ಸುಮ್ನೆ ಮೈಕಿನಲ್ಲಿ ಕೂಗಿದರೆ ಸಾಲದು. ಬಾಕಿ ಪಟ್ಟಿಯ ಒಂದೊಂದು ಮನೆಗೂ ಹಿಂದಿನ ದಿನ ಹೋಗಿ ಅಥವಾ ಫೋನ್ ಮಾಡಿ, ಮಗುವಿನ ಹೆಸರು ಹಿಡಿದು ಹೇಳಿ. "ನಾಳೆ ಲಸಿಕೆ ಇದೆ" ಅನ್ನುವುದಕ್ಕೂ "ನಾಳೆ ನಿಮ್ಮ ಪುಟ್ಟಿಗೆ ಎರಡನೇ ಸೂಜಿ, ಕಾರ್ಡ್ ತನ್ನಿ" ಅನ್ನುವುದಕ್ಕೂ ಬಹಳ ವ್ಯತ್ಯಾಸ.

## ಹಂತ 4: ತಂಪು ಕೆಡದಂತೆ ನೋಡಿಕೊಳ್ಳಿ

ಲಸಿಕೆ ಇರಬೇಕಾದ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿ ತಾಗಿದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎನ್ನುವುದು ಮರೆತುಹೋಗುತ್ತದೆ. ಪೆಂಟಾ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಒಂದೇ ಲಸಿಕೆ), ಧನುರ್ವಾಯು, ಹೆಪಟೈಟಿಸ್ ಬಿ, ಚುಚ್ಚುವ ಪೋಲಿಯೊ, ನ್ಯುಮೊಕಾಕಲ್ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಕೆಲಸ ಮಾಡುವುದಿಲ್ಲ.

ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಸೆಖೆ ಜಾಸ್ತಿ ಇದೆ ಎಂದು ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ನೇರವಾಗಿ ಕ್ಯಾರಿಯರ್‌ಗೆ ಇಳಿಸಿದೆ. ಅಲ್ಲಿಗೆ ಹೋಗಿ ತೆಗೆದರೆ ಗೋಡೆಗೆ ತಾಗಿದ್ದ ಸೀಸೆಗಳು ಗಟ್ಟಿಯಾಗಿದ್ದವು. ಅಷ್ಟನ್ನೂ ಬಿಸಾಡಬೇಕಾಯಿತು, ಬಂದ ತಾಯಂದಿರನ್ನು ಬರಿಗೈಯಲ್ಲಿ ಕಳಿಸಬೇಕಾಯಿತು.

ಸರಿಯಾದ ಕ್ರಮ ಹೀಗೆ:

1. ಐಸ್ ಪ್ಯಾಕ್‌ಗಳನ್ನು ಫ್ರೀಜರ್‌ನಿಂದ ತೆಗೆದು ಮೇಜಿನ ಮೇಲೆ ಹರಡಿ. ಮೇಲೆ ಬೆವರು ಮೂಡಿ, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಿರಿ.
2. ಪ್ಯಾಕ್‌ಗಳನ್ನು ಒರೆಸಿ, ಕ್ಯಾರಿಯರ್‌ನ ನಾಲ್ಕೂ ಬದಿಗೆ ನಿಲ್ಲಿಸಿ.
3. ಸೀಸೆಗಳನ್ನೂ, ಅವುಗಳ ಡೈಲ್ಯೂಯೆಂಟನ್ನೂ ಜಿಪ್ ಕವರ್‌ಗೆ ಹಾಕಿ ಮಧ್ಯದಲ್ಲಿಡಿ. ಡೈಲ್ಯೂಯೆಂಟ್ ಎಂದರೆ ಪುಡಿ ಲಸಿಕೆಗೆ ಬೆರೆಸುವ ದ್ರವ. ಅದೂ ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು.
4. ಮುಚ್ಚಳ ಬಿಗಿಯಾಗಿ ಮುಚ್ಚಿ. ಕ್ಯಾರಿಯರ್ ನೆರಳಿನಲ್ಲೇ ಇರಲಿ.

ಸೀಸೆ ಮೇಲಿರುವ ಚೌಕದ ಗುರುತು ನೋಡುವುದು ಕಲಿಯಿರಿ. ಬಣ್ಣದ ವೃತ್ತದೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಅದರ ಬಣ್ಣ ಗಾಢವಾಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ವೃತ್ತದ ಬಣ್ಣಕ್ಕೆ ಸಮ ಬಂದರೆ ಅಥವಾ ಅದಕ್ಕಿಂತ ಗಾಢವಾದರೆ ಬಳಸಬೇಡಿ. ಒಂದು ವಿಷಯ ನೆನಪಿರಲಿ: ಇದು ಬಿಸಿಯನ್ನು ಮಾತ್ರ ಹೇಳುತ್ತದೆ. ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ.

ಫ್ರಿಜ್‌ನ ಉಷ್ಣತೆಯನ್ನು ದಿನಕ್ಕೆ ಎರಡು ಸಲ ಬರೆಯಿರಿ, ರಜಾ ದಿನವೂ ಬಿಡಬೇಡಿ. ಇಡೀ ತಿಂಗಳು ಎರಡೂ ಹೊತ್ತು ಸರಿಯಾಗಿ "4 ಡಿಗ್ರಿ" ಎಂದೇ ಬರೆದಿರುವ ಚಾರ್ಟ್ ಕಂಡರೆ ನನಗೆ ಅನುಮಾನ. ಯಾರೋ ತಿಂಗಳ ಕೊನೆಗೆ ಕೂತು ತುಂಬಿದ್ದಾರೆ.

## ಹಂತ 5: ಲಸಿಕೆಯ ದಿನ

ಬರುವ ದಾರಿ ಒಂದು, ಹೋಗುವ ದಾರಿ ಒಂದು ಇರಲಿ. ಹೆಸರು ಬರೆಯುವವರು ಮೊದಲು, ಆಮೇಲೆ ಚುಚ್ಚುವವರು, ಕೊನೆಗೆ ಅರ್ಧ ಗಂಟೆ ಕೂರಲು ನೆರಳಿನ ಜಾಗ. ಕೆಮ್ಮು, ಜ್ವರ, ಮೈಮೇಲೆ ದದ್ದು ಇರುವ ಮಕ್ಕಳನ್ನು ಬಾಗಿಲಲ್ಲೇ ಗುರುತಿಸಿ ಬೇರೆ ಕೂರಿಸಿ. ದಡಾರದ ಒಂದು ಮಗು ಲಸಿಕೆಯ ಸಾಲಿನಲ್ಲಿ ಕೂತರೆ, ಲಸಿಕೆಗೆಂದು ಬಂದ ಮಗು ಕಾಯಿಲೆ ಹೊತ್ತುಕೊಂಡು ಹೋಗುತ್ತದೆ.

ಮೇಜಿನ ಮೇಲೆ ಆಗುವ ತಪ್ಪುಗಳೇ ಅಪಾಯದವು. ಹಾಗಾಗಿ ಇಲ್ಲಿ ನಿಧಾನ ಮಾಡಿ.

ಪುಡಿ ಲಸಿಕೆಗೆ ಅದೇ ಕಂಪನಿಯ, ಅದಕ್ಕೇ ಕೊಟ್ಟ ಡೈಲ್ಯೂಯೆಂಟ್ ಮಾತ್ರ ಬೆರೆಸಬೇಕು. ಬೆರೆಸಿದ ಕೂಡಲೇ ಸೀಸೆಯ ಮೇಲೆ ಹೊತ್ತು ಬರೆಯಿರಿ. ದಡಾರ ಮತ್ತು ಬಿಸಿಜಿ (ಕ್ಷಯದ) ಲಸಿಕೆಯನ್ನು ಬೆರೆಸಿದ 6 ಗಂಟೆಯೊಳಗೆ, ಅಥವಾ ಆ ದಿನದ ಕೆಲಸ ಮುಗಿದಾಗ, ಯಾವುದು ಮೊದಲೋ ಆಗ ಬಿಸಾಡಬೇಕು. "ಇನ್ನೂ ನಾಲ್ಕು ಡೋಸ್ ಇದೆ, ನಾಳೆಗೆ ಇಡೋಣ" ಎಂಬ ಜಿಪುಣತನದಿಂದ ಮಕ್ಕಳು ಸತ್ತದ್ದಿದೆ. ಆ ಸೀಸೆಯಲ್ಲಿ ರೋಗಾಣು ಬೆಳೆಯುವುದನ್ನು ತಡೆಯುವ ಔಷಧಿ ಇರುವುದಿಲ್ಲ. ಹತ್ತು ಡೋಸ್‌ನ ಸೀಸೆಯನ್ನು ಒಂದೇ ಮಗುವಿಗೆಂದು ತೆರೆಯಬೇಕಾದರೂ ತೆರೆಯಿರಿ. ಲಸಿಕೆ ವೇಸ್ಟ್ ಆದರೆ ಆಗಲಿ, ಮಗು ತಪ್ಪಿಹೋಗಬಾರದು.

ಪೆಂಟಾ, ಪೋಲಿಯೊದಂಥ ಕೆಲವು ದ್ರವ ಲಸಿಕೆಗಳ ತೆರೆದ ಸೀಸೆಯನ್ನು ಮಾತ್ರ 28 ದಿನದವರೆಗೆ ಮತ್ತೆ ಬಳಸಬಹುದು. ಅದಕ್ಕೂ ಷರತ್ತುಗಳಿವೆ: ತೆರೆದ ತಾರೀಖು ಬರೆದಿರಬೇಕು, ತಂಪು ಕೆಟ್ಟಿರಬಾರದು, ಅವಧಿ ಮುಗಿದಿರಬಾರದು, ಚೌಕದ ಗುರುತು ಸರಿ ಇರಬೇಕು, ಸೀಸೆಯ ಬಾಯಿ ನೀರಿನಲ್ಲಿ ಮುಳುಗಿರಬಾರದು. ಯಾವ ಲಸಿಕೆಗೆ ಈ ನಿಯಮ ಇದೆ ಎಂದು ನಿಮ್ಮ ಮೇಲಿನವರಿಂದ ಮೊದಲೇ ಬರೆಸಿಕೊಳ್ಳಿ.

ಚಿಕ್ಕ ಮಗುವಿಗೆ ಸ್ನಾಯುವಿಗೆ ಕೊಡುವ ಸೂಜಿಯನ್ನು ತೊಡೆಯ ಮುಂಭಾಗದ ಹೊರಬದಿಗೆ ಕೊಡಬೇಕು. ಕುಂಡೆಗೆ ಕೊಡಬಾರದು. ಒಂದೇ ತೊಡೆಗೆ ಎರಡು ಸೂಜಿ ಬಿದ್ದರೆ ನಡುವೆ ಒಂದಿಂಚಾದರೂ ಅಂತರ ಇರಲಿ. ಒಂದೇ ದಿನ ಎರಡು ಮೂರು ಲಸಿಕೆ ಕೊಟ್ಟರೆ ತೊಂದರೆ ಇಲ್ಲ. ತಾಯಿಗೆ ಮನಸ್ಸಾಗದೆ "ಇವತ್ತು ಒಂದು ಸಾಕು" ಅಂದರೆ ಕಾರಣ ವಿವರಿಸಿ: ಉಳಿದದ್ದಕ್ಕೆ ಮತ್ತೆ ಬರಬೇಕು, ಅಷ್ಟು ದಿನ ಮಗುವಿಗೆ ರಕ್ಷಣೆ ಇರುವುದಿಲ್ಲ. ಚುಚ್ಚುವಾಗ ಎದೆಹಾಲು ಕುಡಿಸಿದರೆ ಮಗುವಿಗೆ ನೋವು ಕಡಿಮೆ.

ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ನೇರ ಡಬ್ಬಿಗೆ ಹಾಕಿ. ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿಬಿಡಿ.

ಕಾರ್ಡ್ ಕೊಡುವಾಗ ಪ್ರತಿ ತಾಯಿಗೂ ನಾಲ್ಕು ಮಾತು: ಇವತ್ತು ಯಾವ ಲಸಿಕೆ ಆಯಿತು, ಏನು ತೊಂದರೆ ಆಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದೆ ಯಾವ ದಿನ ಬರಬೇಕು, ಕಾರ್ಡ್ ಜೋಪಾನ. ಮುಂದಿನ ತಾರೀಖನ್ನು ಅವರಿಂದಲೇ ಒಮ್ಮೆ ಹೇಳಿಸಿ. ಹೇಳಲು ಬಂದರೆ ನೆನಪಿರುತ್ತದೆ.

## ಹಂತ 6: ಅರ್ಧ ಗಂಟೆ ಕೂರಿಸಿ, ನಂತರದ ಜ್ವರಕ್ಕೆ ತಯಾರು ಮಾಡಿ

ಜೀವಕ್ಕೆ ಅಪಾಯ ತರುವ ಅಲರ್ಜಿ ಬಹಳ ಅಪರೂಪ. ಬಂದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ಬರುತ್ತದೆ. ಮೈತುಂಬ ಗಂಧೆ ಏಳುವುದು, ತುಟಿ ಅಥವಾ ಮುಖ ಊದುವುದು, ಉಸಿರಾಟಕ್ಕೆ ಕಷ್ಟ, ಮಗು ಬಿಳಚಿಕೊಂಡು ಜೋಲು ಬೀಳುವುದು ಇದರ ಗುರುತು. ತರಬೇತಿ ಆದವರು ತಕ್ಷಣ ತೊಡೆಗೆ ಅಡ್ರಿನಲಿನ್ ಕೊಡಬೇಕು. ಆಮೇಲೆ ಆಸ್ಪತ್ರೆ. ಕಿಟ್ ಎಲ್ಲಿದೆ, ಗಾಡಿ ಯಾರದ್ದು ಎಂದು ಬೆಳಗ್ಗೆಯೇ ಮಾತಾಡಿಕೊಳ್ಳಿ.

ಜಾಸ್ತಿ ಆಗುವುದು ಸಣ್ಣ ಜ್ವರ, ಚುಚ್ಚಿದ ಕಡೆ ಊತ ಮತ್ತು ನೋವು. ಪೆಂಟಾ ಆದ ಮೇಲೆ ಒಂದೆರಡು ದಿನ ಇರುತ್ತದೆ. ದಡಾರ ಲಸಿಕೆಯ ಜ್ವರ ಮಾತ್ರ ಒಂದು ವಾರ ಕಳೆದು ಬರಬಹುದು. ಬಿಸಿಜಿ ಹಾಕಿದ ಕಡೆ ಕೆಲವು ವಾರಗಳ ನಂತರ ಗುಳ್ಳೆಯೆದ್ದು ಹುಣ್ಣಾಗಿ, ಕಲೆ ಉಳಿಯುತ್ತದೆ. ಅದಕ್ಕೆ ಏನನ್ನೂ ಹಚ್ಚಬಾರದು. ಇದನ್ನೆಲ್ಲ ಮೊದಲೇ ಹೇಳಿ. ಹೇಳಿದ್ದರೆ ತಾಯಿ "ಅವರು ಹೇಳಿದ ಹಾಗೇ ಆಯಿತು" ಅನ್ನುತ್ತಾಳೆ. ಹೇಳದಿದ್ದರೆ "ಲಸಿಕೆಯಿಂದ ಮಗು ಕೆಟ್ಟುಹೋಯಿತು" ಎಂಬ ಮಾತು ಸಂಜೆಯೊಳಗೆ ಬೀದಿ ತುಂಬಿರುತ್ತದೆ.

ಮಾರನೇ ದಿನ ಒಂದು ಫೋನ್ ಮಾಡಿ. ಮೂರು ಗಂಟೆಗೂ ಮೀರಿ ನಿಲ್ಲದ ಅಳು, ಫಿಟ್ಸ್, ಅತಿ ಜ್ವರ ಇದ್ದರೆ ವೈದ್ಯರಿಗೆ ತೋರಿಸಿ, ವರದಿ ಮಾಡಿ. ಮುಚ್ಚಿಡಬೇಡಿ.

## ಹಂತ 7: ಬಿಟ್ಟುಹೋದವರ ಲೆಕ್ಕ

ಸಂಜೆ ಮನೆಗೆ ಹೋಗುವ ಮುಂಚೆ ಬಾಕಿ ಪಟ್ಟಿ ಎದುರಿಟ್ಟುಕೊಂಡು ಬರದವರ ಹೆಸರಿಗೆ ಗುರುತು ಹಾಕಿ. ಒಂದು ವಾರದೊಳಗೆ ಆ ಮನೆಗಳಿಗೆ ಹೋಗಿ. ಮುಂದಿನ ತಿಂಗಳಿಗೆ ತಳ್ಳಿದ ಹೆಸರು ಅದರ ಮುಂದಿನ ತಿಂಗಳಿಗೂ ಹೋಗುತ್ತದೆ.

ಒಂದು ಸರಳ ಲೆಕ್ಕ ಮಾಡಿ. ಪೆಂಟಾ ಮೊದಲ ಡೋಸ್ 100 ಮಕ್ಕಳಿಗೆ ಆಗಿ, ಮೂರನೇ ಡೋಸ್ 82 ಮಕ್ಕಳಿಗೆ ಮಾತ್ರ ಆಗಿದ್ದರೆ, ನಡುವೆ ಬಿಟ್ಟವರು ನೂರಕ್ಕೆ 18. ಇದು 10 ದಾಟಿದರೆ ತೊಂದರೆ ಇದೆ ಎಂದರ್ಥ. ಆ 100 ಮಕ್ಕಳು ಒಮ್ಮೆ ಬಂದವರೇ, ಹಾಗಾಗಿ ಅವರಿಗೆ ಲಸಿಕೆಯ ಮೇಲೆ ಸಿಟ್ಟಿಲ್ಲ. ಮೊದಲ ಸಲ ನಾವು ಹೇಗೆ ನಡೆಸಿಕೊಂಡೆವು, ಎಷ್ಟು ಹೊತ್ತು ಕಾಯಿಸಿದೆವು, ಮುಂದಿನ ತಾರೀಖು ಹೇಳಿದೆವಾ ಎಂದು ನೋಡಬೇಕು. ಮೊದಲ ಡೋಸೇ ಕಡಿಮೆ ಇದ್ದರೆ ಮಾತು ಬೇರೆ. ಆಗ ಹಂತ 1ಕ್ಕೆ ವಾಪಸ್.

ಬೇಡ ಅನ್ನುವವರ ಮನೆಯಲ್ಲಿ ವಾದಕ್ಕೆ ಇಳಿಯಬೇಡಿ. ಏನು ಹೆದರಿಕೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಎಷ್ಟೋ ಸಲ ಹಿಂದೆ ಒಂದು ಮಗುವಿಗೆ ಆದ ಜ್ವರ, ಯಾರೋ ಆಡಿದ ಒರಟು ಮಾತು ಅದರ ಹಿಂದಿರುತ್ತದೆ. ಮನೆಯಲ್ಲಿ ತೀರ್ಮಾನ ಮಾಡುವವರು ಅಜ್ಜಿಯೋ ಅಪ್ಪನೋ ಆಗಿದ್ದರೆ ತಾಯಿಗೆ ಹತ್ತು ಸಲ ಹೇಳಿ ಫಲವಿಲ್ಲ.

## ಹಂತ 8: ನೀರು, ಕೈ, ಸೊಳ್ಳೆ

ನಿಮ್ಮ ವೇಳಾಪಟ್ಟಿಯ ಲಸಿಕೆ ತಡೆಯದ ಕಾಯಿಲೆಗಳಿಗೆ ಇದೇ ದಾರಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಇಲ್ಲವೇ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಿ. ಮಲ ವಿಸರ್ಜನೆಯ ನಂತರ, ಮಗುವನ್ನು ತೊಳೆಸಿದ ನಂತರ, ಅಡುಗೆಗೆ ಮತ್ತು ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ನೀರು ನಿಂತ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆಯಿರಿ. ಬರೀ ನೀರು ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆ ಹಾಗೇ ಉಳಿಯುತ್ತದೆ.

ಭೇದಿಯಾದ ಮಗುವಿಗೆ ಓಆರ್‌ಎಸ್ ಕುಡಿಸಿ. ಎಷ್ಟು ನೀರಿಗೆ ಬೆರೆಸಬೇಕೆಂದು ಪೊಟ್ಟಣದ ಮೇಲೆ ಓದಿ, ಅಂದಾಜು ಬೇಡ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಜೊತೆಗೆ ಸತುವಿನ (ಜಿಂಕ್) ಮಾತ್ರೆ, ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬಾರದು. ಮಗು ಕುಡಿಯಲಾಗದೆ ಹೋದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಡ ಮಾಡದೆ ಆಸ್ಪತ್ರೆಗೆ.

## ಹಂತ 9: ಒಂದು ಕೇಸ್ ಕಂಡ ದಿನವೇ ಏನು ಮಾಡಬೇಕು

ಶಾಲೆ, ಔಷಧಿ ಅಂಗಡಿ, ಸೂಲಗಿತ್ತಿ, ನಾಟಿ ವೈದ್ಯರು, ಇವರೆಲ್ಲರ ಬಳಿ ನಿಮ್ಮ ನಂಬರ್ ಇರಲಿ. ಅವರಿಗೆ ರೋಗದ ಹೆಸರು ಗೊತ್ತಿರಬೇಕಿಲ್ಲ. ಇಂಥದ್ದು ಕಂಡರೆ ಫೋನ್ ಮಾಡಿ ಎಂದರೆ ಸಾಕು:

- ಜ್ವರದ ಜೊತೆ ಮೈಮೇಲೆ ಕೆಂಪು ದದ್ದು
- ಇದ್ದಕ್ಕಿದ್ದಂತೆ ಕೈ ಅಥವಾ ಕಾಲು ಸೋತು ಜೋತುಬಿದ್ದ ಮಗು
- ಗಂಟಲಲ್ಲಿ ಬೂದು ಪೊರೆ, ಊದಿದ ಕುತ್ತಿಗೆ
- ವಾರಗಟ್ಟಲೆ ನಿಲ್ಲದೆ, ಕೊನೆಗೆ ವಾಂತಿಯಾಗುವಂಥ ಕೆಮ್ಮು
- ಒಂದೇ ಬೀದಿಯಲ್ಲಿ ಒಟ್ಟಿಗೆ ಹಲವರಿಗೆ ವಾಂತಿಭೇದಿ

ಕೈಕಾಲು ಸೋತ ಮಗುವಿನ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಪೋಲಿಯೊ ಅಲ್ಲವೆಂದು ಖಚಿತ ಮಾಡಲು ಸೋಲು ಕಂಡ 14 ದಿನದೊಳಗೆ, 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆಯಬೇಕು.

ದಡಾರ ಎಲ್ಲಕ್ಕಿಂತ ಬೇಗ ಹರಡುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆಯವರೆಗೂ ಇರಬಲ್ಲದು. ದದ್ದು ಕಾಣುವ 4 ದಿನ ಮುಂಚಿನಿಂದ, ಕಂಡ 4 ದಿನದ ನಂತರದವರೆಗೂ ಮಗು ಬೇರೆಯವರಿಗೆ ಹರಡುತ್ತದೆ. ಇದನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಇಲ್ಲೊಂದು ಮೋಸ ಇದೆ. ಸಾವಿರದಲ್ಲಿ 950 ಮಕ್ಕಳಿಗೆ ಲಸಿಕೆ ಆಗಿದ್ದರೂ, ಉಳಿದ 50 ಮಕ್ಕಳು ಒಂದೇ ಕೇರಿಯಲ್ಲಿದ್ದರೆ ಅಲ್ಲಿ ರೋಗ ಏಳುತ್ತದೆ. ಒಟ್ಟು ಲೆಕ್ಕಕ್ಕಿಂತ ಬೀದಿವಾರು ಲೆಕ್ಕ ಮುಖ್ಯ.

ದಡಾರದ ಅನುಮಾನ ಬಂದರೆ ಮೊದಲ ದಿನದ ಕ್ರಮ ಹೀಗಿರಲಿ:

1. ಮೇಲಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ರಕ್ತದ ಮಾದರಿಗೆ ವ್ಯವಸ್ಥೆ ಮಾಡಿ. ಫಲಿತಾಂಶಕ್ಕೆ ಕಾಯುತ್ತಾ ಕೂರಬೇಡಿ.
2. ಮಗುವನ್ನು ದದ್ದು ಕಂಡ ನಂತರ 4 ದಿನ ಶಾಲೆಗೆ, ಜನ ಸೇರುವ ಕಡೆಗೆ ಕಳಿಸಬೇಡಿ ಎಂದು ಹೇಳಿ.
3. ವೈದ್ಯರ ಮೂಲಕ ವಿಟಮಿನ್ ಎ ಕೊಡಿಸಿ, ಇಂದು ಒಂದು, ನಾಳೆ ಒಂದು. ಅಳತೆ ವಯಸ್ಸಿನ ಮೇಲೆ ಹೋಗುತ್ತದೆ: ಒಂದು ವರ್ಷ ದಾಟಿದವರಿಗೆ 2 ಲಕ್ಷ ಯೂನಿಟ್, 6ರಿಂದ 11 ತಿಂಗಳಿಗೆ 1 ಲಕ್ಷ, ಅದಕ್ಕಿಂತ ಚಿಕ್ಕವರಿಗೆ 50 ಸಾವಿರ.
4. ಉಸಿರಾಟ ಎಣಿಸಿ, ಪೂರ್ತಿ ಒಂದು ನಿಮಿಷ. 2ರಿಂದ 11 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಇರಬಹುದು. ಆಸ್ಪತ್ರೆಗೆ ಕಳಿಸಿ.
5. ಪಟ್ಟಿ ತೆಗೆದು ಅಕ್ಕಪಕ್ಕದ ಮನೆ ಮತ್ತು ತರಗತಿಯಲ್ಲಿ ಡೋಸ್ ಬಾಕಿ ಇರುವವರನ್ನು ಗುರುತಿಸಿ. ರೋಗಿಯ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಲಸಿಕೆ ಬಿದ್ದರೆ ಕಾಯಿಲೆ ಬರದಿರುವ, ಬಂದರೂ ಹಗುರಾಗುವ ಸಾಧ್ಯತೆ ಇದೆ.

ರೋಗ ಎದ್ದ ಕಡೆ 6 ತಿಂಗಳ ಮಗುವಿಗೂ ದಡಾರ ಲಸಿಕೆ ಕೊಡಲು ಅಧಿಕಾರಿಗಳು ಹೇಳಬಹುದು. ಅದು ಹೆಚ್ಚುವರಿ ಡೋಸ್. ಕಾರ್ಡಿನಲ್ಲಿ ಹಾಗೆಂದೇ ಬರೆಯಿರಿ. ಇಲ್ಲದಿದ್ದರೆ ಮುಂದೆ ಯಾರಾದರೂ ಅದನ್ನೇ ಮೊದಲ ಡೋಸ್ ಎಂದು ಎಣಿಸಿ, ಮಗುವಿಗೆ ವೇಳೆಗೆ ಸಿಗಬೇಕಾದ್ದು ತಪ್ಪಿಹೋಗುತ್ತದೆ.

ಹೊಸ ದದ್ದು ಕಾಣುವುದು ನಿಂತ ಮೇಲೂ ಕನಿಷ್ಠ ಆರು ವಾರ ಮನೆ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಆ ಓಡಾಟದಲ್ಲಿ ಸಿಕ್ಕ ಹೊಸ ಮಕ್ಕಳ ಹೆಸರನ್ನು ಅಲ್ಲೇ, ಬಾಗಿಲಲ್ಲೇ ನಿಂತು, ಅದೇ ನೋಟ್‌ಬುಕ್ಕಿಗೆ ಸೇರಿಸಿಕೊಳ್ಳಿ.